ಮಲಗಿದ ಹಿಟ್ಲರನನ್ನು ಎಬ್ಬಿಸುವವರು ಯಾರು?

ಪಂಪ್‌ವೆಲ್ ಮೇಲ್ಸೇತುವೆಯ ಕೆಲಸ ಕುಂಟುತ್ತಿದ್ದ ಕಾಲದಲ್ಲಿ ಮಂಗಳೂರಿನ ಬಸ್ಸು, ಹೋಟೆಲು, ಕಟ್ಟೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತಿತ್ತು. "ಈ ದೇಶಕ್ಕೆ ಒಬ್ಬ ಹಿಟ್ಲರೇ ಬೇಕು ಮಾರಾಯ್ರೆ!" ಹತ್ತಿರ ಹತ್ತು ವರ್ಷ ಎಳೆದು 2020ರ ಜನವರಿ ಕೊನೆಗೆ ಸೇತುವೆಯೇನೋ ತೆರೆಯಿತು. ಮಾತು ಮಾತ್ರ ಹೋಗಲಿಲ್ಲ. ಈಗ ಬೇರೆ ರಸ್ತೆ, ಬೇರೆ ಚರಂಡಿ ನೋಡಿ ಅದನ್ನೇ ಹೇಳುತ್ತಾರೆ.

ಹೇಳುವವರು ಕೆಟ್ಟವರೇನಲ್ಲ. ಬೇಗ ತೀರ್ಮಾನ ಮಾಡಿ, ಹೇಳಿದ್ದನ್ನು ಮಾಡಿಸುವ ಒಬ್ಬ ಅವರಿಗೆ ಬೇಕಾಗಿದ್ದಾನೆ, ಅಷ್ಟೇ. ಆದರೆ ಹಿಟ್ಲರನ ವೇಗ ಎಷ್ಟಿತ್ತು ಅಂತ ನೋಡಲು ಅವನದ್ದೇ ಒಂದು ದಿನ ಇದೆ. 1944ರ ಜೂನ್ 6. ಮಿತ್ರರಾಷ್ಟ್ರಗಳ ಸೇನೆ ಫ್ರಾನ್ಸಿನ ನಾರ್ಮಂಡಿ ಕಡಲತೀರದಲ್ಲಿ ಇಳಿಯುತ್ತಿತ್ತು. ಜರ್ಮನಿಯ ಮೀಸಲು ಟ್ಯಾಂಕ್ ಪಡೆಗಳು ಹಿಟ್ಲರನ ಒಪ್ಪಿಗೆ ಇಲ್ಲದೆ ಕದಲುವಂತಿರಲಿಲ್ಲ. ಅವನೋ ತಡವಾಗಿ ಮಲಗಿ ನಿದ್ದೆಯಲ್ಲಿದ್ದ. ಸುತ್ತ ಇದ್ದವರು ಎಬ್ಬಿಸಲಿಲ್ಲ. ಆ ಪಡೆಗಳಿಗೆ ಅಪ್ಪಣೆ ಸಿಕ್ಕಾಗ ಮಧ್ಯಾಹ್ನ ದಾಟಿತ್ತು.

ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಜರ್ಮನಿ ಬಿಟ್ಟವರಲ್ಲಿ ಕರ್ಟ್ ಲೆವಿನ್ ಎಂಬ ಯಹೂದಿ ಮನಃಶಾಸ್ತ್ರಜ್ಞರೂ ಇದ್ದರು. ನಾಯಕ ಬದಲಾದರೆ ಅದೇ ಜನ ಬೇರೆ ಥರ ನಡೆದುಕೊಳ್ಳುತ್ತಾರಾ? ಅವರನ್ನು ಕಾಡಿದ ಪ್ರಶ್ನೆ ಇದು. ಅಮೆರಿಕದ ಅಯೋವಾದಲ್ಲಿ ರೊನಾಲ್ಡ್ ಲಿಪ್ಪಿಟ್ ಮತ್ತು ರಾಲ್ಫ್ ವೈಟ್ ಜೊತೆ ಸೇರಿ ಇದನ್ನು ಪರೀಕ್ಷಿಸಿಯೇ ನೋಡಿದರು. ಫಲಿತಾಂಶ 1939ರಲ್ಲಿ ಪ್ರಕಟವಾಯಿತು.

ಹತ್ತು ವರ್ಷದ ಆಸುಪಾಸಿನ ಹುಡುಗರ ಸಣ್ಣ ಸಣ್ಣ ಕ್ಲಬ್ಬುಗಳು. ಮುಖವಾಡ ಮಾಡುವಂಥ ಕೆಲಸ. ಒಂದು ಬಗೆಯ ನಾಯಕ ಎಲ್ಲವನ್ನೂ ತಾನೇ ಹೇಳುತ್ತಿದ್ದ, ಅದೂ ಒಂದು ಸಲಕ್ಕೆ ಒಂದು ಹೆಜ್ಜೆ ಮಾತ್ರ. ಮುಂದೇನು ಅಂತ ಹುಡುಗರಿಗೆ ಗೊತ್ತಿರುತ್ತಿರಲಿಲ್ಲ. ಇನ್ನೊಬ್ಬ ಅವರ ಜೊತೆ ಕೂತು ಚರ್ಚೆ ಮಾಡುತ್ತಿದ್ದ, ಎರಡು ಮೂರು ದಾರಿ ತೋರಿಸಿ ಆಯ್ಕೆಯನ್ನು ಅವರಿಗೇ ಬಿಡುತ್ತಿದ್ದ. ಮೂರನೆಯವನು ಸುಮ್ನೆ ಕೂರುತ್ತಿದ್ದ, ಏನಾದರೂ ಮಾಡಿಕೊಳ್ಳಿ ಅಂತ. ವ್ಯಕ್ತಿಯ ಸ್ವಭಾವದಿಂದ ಲೆಕ್ಕ ತಪ್ಪಬಾರದು ಅಂತ ನಾಯಕರನ್ನೂ ಶೈಲಿಗಳನ್ನೂ ಅದಲುಬದಲು ಮಾಡಿದರು.

ದರ್ಪದ ನಾಯಕನ ಕೈಕೆಳಗೆ ಕೆಲವು ಗುಂಪುಗಳು ತಲೆ ತಗ್ಗಿಸಿದವು, ಕೆಲವು ಸಿಟ್ಟಿಗೆದ್ದವು. ತಲೆ ತಗ್ಗಿಸಿದ ಗುಂಪುಗಳಲ್ಲಿ ನಾಯಕ ಕೋಣೆಯಲ್ಲಿದ್ದಾಗ ಹುಡುಗರು ಶೇ. 74ರಷ್ಟು ಹೊತ್ತು ಕೆಲಸದಲ್ಲಿದ್ದರು. ಚರ್ಚೆ ಮಾಡುವ ನಾಯಕನ ಗುಂಪಿನಲ್ಲಿ ಇದು ಶೇ. 50 ಮಾತ್ರ. ಅಂದರೆ ಕಟ್ಟೆಯ ಮೇಲಿನವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ನಾಯಕ ಹೊರಗೆ ಹೋದ ಕೂಡಲೇ ಆ 74 ಎನ್ನುವುದು 29ಕ್ಕೆ ಬಿತ್ತು. ಚರ್ಚೆಯ ಗುಂಪಿನಲ್ಲಿ 46. ಅಲ್ಲಿ ನಾಯಕ ಇದ್ದರೂ ಅಷ್ಟೇ, ಇಲ್ಲದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಸುಮ್ನೆ ಕೂತವನ ಎದುರು ಕೆಲಸ ಎಲ್ಲಕ್ಕಿಂತ ಕಡಿಮೆ ಆಯಿತು. ನಮ್ಮಲ್ಲಿ ಎಷ್ಟೋ ಜನ ಪ್ರಜಾಪ್ರಭುತ್ವ ಅಂತ ಬೈಯುವುದು ನಿಜವಾಗಿ ಈ ಮೂರನೆಯವನನ್ನು ಅಂತ ನನ್ನ ಅನುಮಾನ.

ಮುಖವಾಡ ಮಾಡುವ ಮಕ್ಕಳನ್ನು ನೋಡಿ ದೇಶಗಳ ಬಗ್ಗೆ ತೀರ್ಪು ಕೊಡಲು ಆಗುವುದಿಲ್ಲ, ಒಪ್ಪಿದೆ. ದೇಶದ ಮಟ್ಟದಲ್ಲಿ ಇನ್ನೊಂದು ವಿಷಯ ದೊಡ್ಡದಾಗುತ್ತದೆ: ಕೆಟ್ಟ ಸುದ್ದಿ ಮೇಲಕ್ಕೆ ಹೋಗುತ್ತದಾ ಇಲ್ಲವಾ? ನನ್ನ ಪ್ರಕಾರ ಎರಡು ಬಗೆಯ ನಾಯಕರ ನಡುವಿನ ಅಸಲಿ ವ್ಯತ್ಯಾಸ ಇಲ್ಲೇ ಇದೆ. ಒಳ್ಳೆಯತನ, ಮೃದು ಮಾತು ಎಲ್ಲ ಆಮೇಲಿನದ್ದು.

1958ರಲ್ಲಿ ಮಾವೋನ ಚೀನಾ ಒಂದೇ ನೆಗೆತಕ್ಕೆ ಮುಂದೆ ಹೋಗಲು ಹೊರಟಿತು. ಮೇಲಿನವರಿಗೆ ದೊಡ್ಡ ಅಂಕಿ ಬೇಕಿತ್ತು. ಊರಿನ ಅಧಿಕಾರಿ ಸ್ವಲ್ಪ ಏರಿಸಿದ, ಜಿಲ್ಲೆಯವನು ಇನ್ನಷ್ಟು, ಪ್ರಾಂತ್ಯದವನು ಮತ್ತಷ್ಟು. ಕೊನೆಗೆ ಆ ವರ್ಷದ ಧಾನ್ಯದ ಬೆಳೆ 37.5 ಕೋಟಿ ಟನ್ ಅಂತ ಘೋಷಣೆ ಆಯಿತು. ನಿಜವಾಗಿ ಬೆಳೆದದ್ದು ಸುಮಾರು 20 ಕೋಟಿ ಟನ್. ಸರ್ಕಾರ ಸುಳ್ಳು ಲೆಕ್ಕವನ್ನೇ ನಂಬಿ ರೈತರಿಂದ ಧಾನ್ಯ ಎತ್ತಿತು. ಹಳ್ಳಿಗಳಲ್ಲಿ ತಿನ್ನಲು ಉಳಿಯಲಿಲ್ಲ. 1959ರಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಮಾವೋಗೆ ಪತ್ರ ಬರೆದು ಇದನ್ನು ಹೇಳಿದರು, ಕೆಲಸ ಕಳೆದುಕೊಂಡರು. ಆಮೇಲೆ ಬಾಯಿ ಬಿಡುವ ಧೈರ್ಯ ಯಾರಿಗಿರುತ್ತದೆ? ಆ ಬರಗಾಲದಲ್ಲಿ ಸತ್ತವರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿ ಅಂತ ಬೇರೆ ಬೇರೆ ಅಂದಾಜುಗಳಿವೆ.

ಚುನಾವಣೆ, ಸ್ವತಂತ್ರ ಪತ್ರಿಕೆ ಇರುವ ಕಡೆ ಇಂಥ ಭಾರೀ ಕ್ಷಾಮ ಬರುವುದಿಲ್ಲ ಅಂತ ಅಮರ್ತ್ಯ ಸೇನ್ ವಾದಿಸುತ್ತಾರೆ. ಅಲ್ಲಿನ ನಾಯಕರು ಸಾಧುಗಳು ಅಂತಲ್ಲ. ಹಸಿದವರ ಸುದ್ದಿ ಪೇಪರಿನಲ್ಲಿ ಬರುತ್ತದೆ, ಅವರೇ ನಾಳೆ ಓಟು ಹಾಕುತ್ತಾರೆ. ಕೇಳಿಸಿಕೊಳ್ಳದೆ ವಿಧಿಯಿಲ್ಲ.

ಓಟಿನಿಂದ ಬಂದ ನಾಯಕರೂ ಕಿವಿ ಮುಚ್ಚಿಕೊಳ್ಳಬಹುದು. ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳ ಬಾಯಿ ಕಟ್ಟಿದ ಇಂದಿರಾ ಗಾಂಧಿ, 1977ರಲ್ಲಿ ಚುನಾವಣೆ ಕರೆದು ಸೋತರು. ರಾಯ್‌ಬರೇಲಿಯ ಸ್ವಂತ ಸೀಟೂ ಹೋಯಿತು. (ಕರ್ನಾಟಕ ಮಾತ್ರ 28ರಲ್ಲಿ 26 ಸೀಟು ಅವರ ಪಕ್ಷಕ್ಕೇ ಕೊಟ್ಟಿತು. ಅದು ಬೇರೆ ಕತೆ.)

ಇಷ್ಟು ಹೇಳಿದರೆ ಮಲ್ಪೆಯ ಮೀನುಗಾರರು ಒಂದು ಪ್ರಶ್ನೆ ಕೇಳಬಹುದು. ಅಳಿವೆ ಬಾಗಿಲಲ್ಲಿ ತೆರೆ ಎದ್ದಾಗ ಬೋಟು ನಡೆಸುವ ತಾಂಡೇಲ ಮೀಟಿಂಗ್ ಕರೆಯುತ್ತಾನಾ? ಇಲ್ಲ. ಅವನು ಕೂಗುತ್ತಾನೆ, ಉಳಿದವರು ಮಾಡುತ್ತಾರೆ. ಅಪಾಯದ ಹೊತ್ತಿಗೆ ಒಬ್ಬನ ಮಾತೇ ನಡೆಯಬೇಕು ಅಲ್ವಾ?

ಒಬ್ಬನ ಮಾತು ನಡೆಯಬೇಕು, ನಿಜ. ಉಳಿದವರ ಮಾತು ಅವನ ಕಿವಿಗೆ ಬೀಳದಿದ್ದರೆ ಏನಾಗುತ್ತದೆ ಅಂತ ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಗುಡ್ಡದ ಮೇಲಿನ ನಮ್ಮ ರನ್‌ವೇಗೆ ಇಳಿಯುವಾಗ ತೀರಾ ಎತ್ತರದಲ್ಲಿತ್ತು. ಹಾರಾಟದಲ್ಲಿ ಬಹಳ ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಆ ಮಂಪರು ಬಿಟ್ಟಿರಲಿಕ್ಕಿಲ್ಲ. ಇಳಿಯುವುದು ಬೇಡ, ಮೇಲೇರಿ ಸುತ್ತು ಹಾಕೋಣ ಅಂತ ಸಹ ಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಚಕ್ರ ನೆಲ ಮುಟ್ಟಿದಾಗ ರನ್‌ವೇ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. 166 ಜನರಲ್ಲಿ ಉಳಿದವರು 8 ಮಂದಿ. ಸಹ ಪೈಲಟ್‌ನ ಮೂರು ಕರೆಗಳನ್ನು ಮೀರಿ ಮುಂದುವರಿದದ್ದನ್ನು ತನಿಖಾ ವರದಿ ಸ್ಪಷ್ಟವಾಗಿ ದಾಖಲಿಸಿತು.

ವಿಮಾನಯಾನಕ್ಕೆ ಇದು ಹಳೆಯ ರೋಗ. 1977ರಲ್ಲಿ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯಾ ಅಂತ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಗಟ್ಟಿಯಾಗಿ ಹೇಳಿದ ಮೇಲೆ ಮಾತು ನಿಂತಿತು. ಇಂಥ ಅಪಘಾತಗಳ ನಂತರ ಪೈಲಟ್‌ಗಳಿಗೆ ಹೊಸ ತರಬೇತಿ ಶುರುವಾಯಿತು. ಕಿರಿಯರು ಅನುಮಾನವನ್ನು ಬಾಯಿ ಬಿಟ್ಟು ಹೇಳುವುದು, ಹಿರಿಯರು ಕೇಳಿ ಕೇಳಿ ಹೇಳಿಸುವುದು, ಎರಡನ್ನೂ ಅಭ್ಯಾಸ ಮಾಡಿಸುತ್ತಾರೆ.

ಅದು ಕೆಲಸಕ್ಕೆ ಬಂದದ್ದು ಲೆವಿನ್ ಪ್ರಯೋಗ ಮಾಡಿದ ಅದೇ ಅಯೋವಾದಲ್ಲಿ, ಸೂ ಸಿಟಿಯಲ್ಲಿ. 1989ರ ಜುಲೈ 19ರಂದು ಒಂದು ಡಿಸಿ-10 ವಿಮಾನದ ಬಾಲದ ಎಂಜಿನ್ ಒಡೆದು, ವಿಮಾನ ತಿರುಗಿಸುವ ವ್ಯವಸ್ಥೆ ಪೂರ್ತಿ ಸತ್ತುಹೋಯಿತು. ಏನು ಮಾಡಬೇಕು ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ಜೊತೆಯವರನ್ನು ಕೇಳಿದರು. ಪ್ರಯಾಣಿಕರ ಮಧ್ಯೆ ಕೂತಿದ್ದ ಒಬ್ಬ ತರಬೇತುದಾರ ಪೈಲಟ್‌ನನ್ನೂ ಒಳಗೆ ಕರೆಸಿ, ಉಳಿದೆರಡು ಎಂಜಿನ್‌ಗಳ ಥ್ರಾಟಲ್ ಅವನ ಕೈಗೆ ಕೊಟ್ಟರು. ಒಂದು ಎಂಜಿನ್ನಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಶಕ್ತಿ ಕೊಟ್ಟೇ ವಿಮಾನವನ್ನು ಹೇಗೋ ರನ್‌ವೇವರೆಗೆ ತಂದರು. ಯಾರೂ ಓಟು ಹಾಕಲಿಲ್ಲ, ಕೊನೆಯ ತೀರ್ಮಾನ ಹೇನ್ಸ್ ಅವರದ್ದೇ. ನೆಲಕ್ಕೆ ಬಡಿದು ವಿಮಾನ ಒಡೆಯಿತು. 296 ಜನರಲ್ಲಿ 184 ಜನ ಬದುಕಿದರು. ಎಲ್ಲರ ಮಾತನ್ನೂ ತೆಗೆದುಕೊಳ್ಳದೆ ಇದ್ದಿದ್ದರೆ ಅಷ್ಟು ದೂರವೂ ಬರುತ್ತಿರಲಿಲ್ಲ ಅಂತ ಹೇನ್ಸ್ ಆಮೇಲೆ ತಮ್ಮ ಭಾಷಣಗಳಲ್ಲಿ ಹೇಳುತ್ತಿದ್ದರು.