1962ರ ಹಾಡುಗಳನ್ನು ಒಂದೇ ಅಚ್ಚಿಗೆ ಹೊಯ್ಯಬೇಡಿ

ಹಳೆಯ ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನಲ್ಲಿ ಇದನ್ನೇ ಮಾಡುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಚಪ್ಪಲಿ ಬಿಡುವಾಗಲೇ ಹೇಳುವ ಮಾತು ಒಂದೇ: "ಸರ್, ನಾಯ್ಸ್ ಎಲ್ಲ ತೆಗೀರಿ, ಸ್ಟೀರಿಯೋ ಮಾಡಿ, ಎಲ್ಲ ಹಾಡೂ ಒಂದೇ ಥರ ಕೇಳೋ ಹಾಗೆ ಮಾಡಿಕೊಡಿ." ಮೊದಲೆರಡಕ್ಕೆ ಸಮಾಧಾನದಿಂದ ಉತ್ತರ ಕೊಡುತ್ತೇನೆ. ಮೂರನೆಯದಕ್ಕೆ ಈಗಲೂ ಸಿಟ್ಟು ಬರುತ್ತದೆ.

ಕಳೆದ ವರ್ಷ ಒಬ್ಬ ಹುಡುಗಿ ತನ್ನ ತಾತನ ಪೆಟ್ಟಿಗೆ ಹೊತ್ತು ತಂದಳು. 1962ರಲ್ಲಿ ತಾತನಿಗೆ ಹದಿನೇಳು ವರ್ಷ. ಲಂಡನ್ನಿನಲ್ಲಿ ಕೆಲಸಕ್ಕಿದ್ದ ಅವರಣ್ಣ ಆ ವರ್ಷ ಮತ್ತು ಮರುವರ್ಷ ಕಳಿಸಿದ್ದ 45ರ (ನಿಮಿಷಕ್ಕೆ 45 ಸುತ್ತು ತಿರುಗುವ) ಪುಟ್ಟ ರೆಕಾರ್ಡು ತಟ್ಟೆಗಳು, ಜೊತೆಗೆ ಮೂರು ಎಲ್‌ಪಿ, ಅಂದರೆ ಬಹಳ ಹಾಡು ಹಿಡಿಸುವ ದೊಡ್ಡ ತಟ್ಟೆ. ತಾತನ ಎಂಬತ್ತರ ಹುಟ್ಟುಹಬ್ಬಕ್ಕೆ ಒಂದು ಗಂಟೆಯ ಹಾಡು ಬೇಕಾಗಿತ್ತು. ಅವಳೂ ಅದನ್ನೇ ಕೇಳಿದಳು, ಒಂದೇ ಥರ.

"ಏನಮ್ಮಾ, ಈ ಪೆಟ್ಟಿಗೆಯಲ್ಲಿ ಯಾವ ಎರಡು ಒಂದೇ ಥರ ಇವೆ, ಹೇಳು" ಎಂದು ತಟ್ಟೆಗಳನ್ನು ಮೇಜಿನ ಮೇಲೆ ಹರಡಿದೆ.

1962 ಎಂದರೆ ಇಂಗ್ಲೆಂಡಿನ ಬೀಟಲ್ಸ್ ತಂಡ ಬರುವ ಮುಂಚಿನ ಬರಗಾಲ ಎಂದು ನಂಬಿದವರು ಬಹಳ. ಅಮೆರಿಕದ ರಾಕ್ ಗಾಯಕ ಬಡ್ಡಿ ಹಾಲಿ 1959ರಲ್ಲಿ ತೀರಿಕೊಂಡ, ಬೀಟಲ್ಸ್ ಅಮೆರಿಕಕ್ಕೆ ಹೋದದ್ದು 1964ರಲ್ಲಿ, ನಡುವೆ ಏನೂ ಇಲ್ಲ ಎನ್ನುವ ಲೆಕ್ಕ. ಹೀಗೆನ್ನುವವರು ಆ ವರ್ಷದ ತಟ್ಟೆಗಳನ್ನು ಒಂದರ ಹಿಂದೊಂದು ಕೇಳಿಲ್ಲ ಎಂದೇ ನನ್ನ ಅನುಮಾನ. ಅಥವಾ ಕೇಳಿದ್ದರೂ ಉಜ್ಜಿ ತೊಳೆದ ಪ್ರತಿಗಳನ್ನು ಕೇಳಿರಬೇಕು.

ನನ್ನ ಗಿರಾಕಿಗಳಿಗೆ ಎಷ್ಟು ಹೇಳಿದರೂ ತಲೆಗೆ ಹೋಗದ ಸಂಗತಿ ಒಂದಿದೆ, ಅದನ್ನು ಬಿಡಿಸಿಯೇ ಹೇಳುತ್ತೇನೆ. ತಟ್ಟೆಯಲ್ಲಿ ಅಚ್ಚಾಗಿರುವುದು ದನಿ ಮಾತ್ರವಲ್ಲ, ಆ ದನಿ ಹೊರಟ ಕೋಣೆಯೂ ಹೌದು. ಹಂಚಿನ ಮನೆಯ ಜಗಲಿಯಲ್ಲಿ ಹೇಳಿದ ದೇವರನಾಮವೇ ಕಲ್ಲಿನ ಗುಡಿಯೊಳಗೆ ಬೇರೆಯಾಗಿ ಕೇಳುವುದಿಲ್ಲವೇ? ಆಗಿನ ಧ್ವನಿಮುದ್ರಣದಲ್ಲಿ ಬಹುಪಾಲು ವಾದ್ಯದವರೆಲ್ಲ ಒಂದೇ ಕಡೆ ಕೂತು ಒಟ್ಟಿಗೆ ನುಡಿಸುತ್ತಿದ್ದರು. ಗೋಡೆ, ನೆಲ, ಸೂರು ಎಲ್ಲ ಮೈಕಿಗೆ ಬೀಳುತ್ತಿತ್ತು. ಎಲ್ಲ ಹಾಡೂ ಹೀಗೇ ಎನ್ನಲಾರೆ, ಒಂದರ ಮೇಲೊಂದು ಪದರ ಕೂಡಿಸುವ ಪದ್ಧತಿ ಆಗಲೇ ಇತ್ತು. ಆದರೂ ಕೋಣೆ ಇದ್ದೇ ಇತ್ತು. ನಾಯ್ಸ್ ತೆಗೆಯುವ ಸಾಫ್ಟ್‌ವೇರಿಗೆ ಮಾತ್ರ ಧೂಳು ಯಾವುದು, ಕೋಣೆ ಯಾವುದು ಎಂಬ ಭೇದ ಚೆನ್ನಾಗಿ ತಿಳಿಯುವುದಿಲ್ಲ. ಜೋರಾಗಿ ಹಚ್ಚಿದರೆ ಎರಡನ್ನೂ ಒರೆಸಿಹಾಕುತ್ತದೆ. ಆಮೇಲೆ ಅಮೆರಿಕದ ಮೆಂಫಿಸ್ಸೂ ಒಂದೇ, ಲಂಡನ್ನೂ ಒಂದೇ.

ಮೆಂಫಿಸ್ ಅಂದೆನಲ್ಲ, 'ಬುಕರ್ ಟಿ. ಮತ್ತು ಎಂ.ಜಿ.ಗಳು' ಎಂಬ ತಂಡದ 'ಗ್ರೀನ್ ಆನಿಯನ್ಸ್' ತಟ್ಟೆ ಪೆಟ್ಟಿಗೆಯಲ್ಲಿತ್ತು. ಅದನ್ನು ಮುದ್ರಿಸಿದ, ಮೆಂಫಿಸ್ಸಿನ ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೋ ಒಂದು ಹಳೆಯ ಸಿನಿಮಾ ಟಾಕೀಸು. ಕುರ್ಚಿ ತೆಗೆದಿದ್ದರೂ ಇಳಿಜಾರು ನೆಲ ಹಾಗೇ ಉಳಿದಿತ್ತು. ಆರ್ಗನ್ ನುಡಿಸಿದ ಬುಕರ್ ಟಿ. ಜೋನ್ಸ್‌ಗೆ ಆಗ ಹದಿನೇಳು, ನಮ್ಮ ತಾತನ ಓರಗೆಯವನು. ಕರಿಯರಿಗೂ ಬಿಳಿಯರಿಗೂ ಬೇರೆಬೇರೆ ಶಾಲೆಗಳಿದ್ದ ಊರಿನಲ್ಲಿ ಇಬ್ಬರೂ ಸೇರಿ ನುಡಿಸಿದ ಹಾಡಿದು. ಗಿಟಾರು ಚುಚ್ಚಿದಾಗ ಅದರ ಸುತ್ತ ಖಾಲಿ ಟಾಕೀಸಿನ ಗಾಳಿ ಇರುತ್ತದೆ. ಅದನ್ನು ಒರೆಸಿದರೆ ಉಳಿಯುವುದು ಬರೀ ಸ್ವರ.

ಸ್ಯಾಕ್ಸೊಫೋನಿನ ಸ್ಟ್ಯಾನ್ ಗೆಟ್ಸ್ ಮತ್ತು ಗಿಟಾರಿನ ಚಾರ್ಲಿ ಬರ್ಡ್ ಅವರ 'ಜಾಝ್ ಸಾಂಬಾ' ಎಲ್‌ಪಿಯನ್ನು 1962ರ ಫೆಬ್ರವರಿ 13ರಂದು ವಾಷಿಂಗ್ಟನ್ನಿನ ಒಂದು ಚರ್ಚಿನ ಸಭಾಂಗಣದಲ್ಲಿ ಮುದ್ರಿಸಿದರು. ಬಾಸಾ ನೋವಾ ಎಂಬ ಬ್ರೆಜಿಲಿನ ಸಂಗೀತ ಅಮೆರಿಕದ ಮನೆಮನೆಗೆ ಹೊಕ್ಕದ್ದು ಆ ಹಜಾರದಿಂದ. ಸ್ಯಾಕ್ಸೊಫೋನಿನ ಉಸಿರು ಕೇಳುತ್ತದೆ. ಉಸಿರೂ ಸುಯ್ ಎನ್ನುತ್ತದೆ, ಟೇಪೂ ಸುಯ್ ಎನ್ನುತ್ತದೆ, ಯಾವುದನ್ನು ತೆಗೆಯಲಿ?

ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅದೇ ವರ್ಷದ ಅಕ್ಟೋಬರ್ 24ರ ರಾತ್ರಿ ನ್ಯೂಯಾರ್ಕಿನ ಅಪೊಲೊ ಥಿಯೇಟರಿನಲ್ಲಿ ಹಾಡಿದ್ದು ಇನ್ನೊಂದು ಎಲ್‌ಪಿ. ಕಂಪನಿಗೆ ನಂಬಿಕೆ ಬಾರದೆ ಆತ ತನ್ನ ಕೈಯಿಂದಲೇ ದುಡ್ಡು ಹಾಕಿ ಮುದ್ರಿಸಿಕೊಂಡ. ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಲೋಕವೇ ಉಸಿರು ಬಿಗಿಹಿಡಿದಿದ್ದ ವಾರ ಅದು. ಅಲ್ಲಿ ಜನರ ಕಿರುಚಾಟ ಹಾಡಿನಷ್ಟೇ ಮುಖ್ಯ. ಆತ ಒಂದು ಮಾತು ಎಳೆದರೆ ಹೆಂಗಸರು ಓಗೊಡುತ್ತಾರೆ, ಹಾಡು ಮುಂದೆ ಸರಿಯುವುದೇ ಹಾಗೆ.

ಮೂರನೆಯ ಎಲ್‌ಪಿ ರೇ ಚಾರ್ಲ್ಸ್‌ರದು. ಬಿಳಿಯರ ಹಳ್ಳಿಹಾಡುಗಳೆಂದು ಗುರುತಾಗಿದ್ದ ಕಂಟ್ರಿ ಗೀತೆಗಳನ್ನು ಆ ಕರಿಯ ಗಾಯಕ ವಯಲಿನ್ನುಗಳ ಮೇಳದೊಂದಿಗೆ ಹಾಡಿದರು. ಅದರ ಒಂದು ಹಾಡು ಐದು ವಾರ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಅವರ ಗಂಟಲಿನ ಒಡಕನ್ನು ನಯಮಾಡಿ ಎಂದವರೂ ಇದ್ದಾರೆ. ಆ ಕೆಲಸ ನಾನು ಮಾಡಲಿಲ್ಲ.

ಇನ್ನು ಸ್ಟೀರಿಯೋ. 1962ರ 45ರ ತಟ್ಟೆಗಳು ಬಹುತೇಕ ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಸದ್ದು. ರೇಡಿಯೋ ಹೆಚ್ಚಾಗಿ ಮೋನೋ, ಹೋಟೆಲಿನಲ್ಲಿ ಕಾಸು ಹಾಕಿ ಹಾಡು ಕೇಳುವ ಜೂಕ್‌ಬಾಕ್ಸೂ ಹೆಚ್ಚಾಗಿ ಮೋನೋ. ಹಾಗಾಗಿ ಮಿಕ್ಸ್ ಮಾಡುವವರ ಕಾಳಜಿಯೆಲ್ಲ ಅದಕ್ಕೇ ಸಲ್ಲುತ್ತಿತ್ತು. ಬೀಟಲ್ಸ್‌ನ ಮೊದಲ ಹಾಡು 'ಲವ್ ಮಿ ಡು' ಅಕ್ಟೋಬರ್ 5ರಂದು ಬಂತು, ಬ್ರಿಟನ್ನಿನಲ್ಲಿ 17ನೇ ಸ್ಥಾನದವರೆಗೆ ಏರಿತು. ಕೆಂಪು ಲೇಬಲ್ಲಿನ ಆ ಮೊದಲ ತಟ್ಟೆಯಲ್ಲಿ ಡ್ರಮ್ಸ್ ತಂಡದವನೇ ಆದ ರಿಂಗೋನದು. ಖಂಜರಿಯ ಸದ್ದು ಕೇಳಿದರೆ ಅದು ಬೇರೆ ಮುದ್ರಣ, ಡ್ರಮ್ಸ್ ಹೊರಗಿನಿಂದ ಕರೆಸಿದ ಆಂಡಿ ವೈಟ್‌ನದು. ಮೊದಲನೆಯದರ ಮೂಲ ಟೇಪು ಉಳಿಯಲಿಲ್ಲ. ಕಂಪನಿಯವರೇ ಮುಂದೆ ಅದನ್ನು ಮತ್ತೆ ಹೊರತರುವಾಗ ಜೋಪಾನವಾಗಿದ್ದ ಒಂದು ತಟ್ಟೆಯಿಂದ ಇಳಿಸಿಕೊಂಡರು. ನನ್ನಂಥವರ ಕೆಲಸವನ್ನೇ ಅವರೂ ಮಾಡಿದರು, ಮೋನೋದಲ್ಲೇ.

ನಾನು ಏನನ್ನೂ ತೆಗೆಯುವುದಿಲ್ಲ ಎಂದಲ್ಲ. ಧೂಳಿನ ಚಟಪಟ, ಕರೆಂಟಿನ ಗುಂಯ್ ಎಂಬ ಸದ್ದು ತೆಗೆಯುತ್ತೇನೆ. ಮೋನೋ ತಟ್ಟೆಯಲ್ಲಿ ಹಾಡು ಇರುವುದು ಗೆರೆಯಲ್ಲಿ ಓಡುವ ಮುಳ್ಳಿನ ಅಡ್ಡ ಓಲಾಟದಲ್ಲಿ. ಎಡ ಬಲ ಎರಡನ್ನೂ ಕೂಡಿಸಿ ಒಂದು ಮಾಡಿದರೆ ಮುಳ್ಳು ಮೇಲೆ ಕೆಳಗೆ ಕುಣಿಯುವ ಸದ್ದು ತಾನಾಗಿ ಕಳೆಯುತ್ತದೆ. ಅರ್ಧ ಕೊಳೆ ಅದರಲ್ಲೇ ಹೋಗುತ್ತದೆ. ಸವೆದ ತಟ್ಟೆಯಾದರೆ ಇಷ್ಟೇ ಆದೀತು ಎಂದು ಮೊದಲೇ ಹೇಳುತ್ತೇನೆ.

ನನ್ನ ಹತ್ತಿರ ಕಲಿಯುವ ಹುಡುಗ ಪೆಟ್ಟಿಗೆಯಲ್ಲಿದ್ದ 'ಟೆಲ್‌ಸ್ಟಾರ್' ಮೇಲೆ ಸಾಫ್ಟ್‌ವೇರ್ ಓಡಿಸಿ ಖುಷಿಯಿಂದ ತೋರಿಸಿದ. ಟಾರ್ನೆಡೋಸ್ ತಂಡದ ಹಾಡು. 1962ರ ಜುಲೈನಲ್ಲಿ ಹಾರಿದ ಉಪಗ್ರಹದ ಹೆಸರನ್ನೇ ಇಟ್ಟು, ಲಂಡನ್ನಿನ ಹಾಲೊವೇ ರಸ್ತೆಯಲ್ಲಿ ಚರ್ಮದ ಸಾಮಾನಿನ ಅಂಗಡಿಯ ಮೇಲಿದ್ದ ಬಾಡಿಗೆ ಮನೆಯಲ್ಲಿ ಜೋ ಮೀಕ್ ತಯಾರಿಸಿದ್ದು. ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಬ್ರಿಟಿಷ್ ತಂಡ ಅದು, ಬೀಟಲ್ಸ್ ಅಲ್ಲ. ಹಾಡು ಶುರುವಾಗುವುದೇ ರಾಕೆಟ್ಟಿನಂಥ ಮೊರೆತದಿಂದ. ಹುಡುಗನ ಪ್ರತಿಯಲ್ಲಿ ಆ ಮೊರೆತವೇ ಇಲ್ಲ! ಸಾಫ್ಟ್‌ವೇರ್ ಅದನ್ನು ಕೊಳೆಯೆಂದು ಬಗೆದಿತ್ತು. ಅವನನ್ನು ಬೈಯಲಿಲ್ಲ. ತಟ್ಟೆ ಹಾಕಿ ಮೂರು ಸಲ ಕೇಳಿಸಿದೆ.

ಹುಟ್ಟುಹಬ್ಬಕ್ಕೆ ನನ್ನನ್ನೂ ಕರೆದಿದ್ದರು. ಹಾಡುಗಳ ಸದ್ದಿನ ಜೋರನ್ನಷ್ಟೇ ಸರಿದೂಗಿಸಿ ಉಳಿದದ್ದನ್ನು ಇದ್ದಂತೆ ಬಿಟ್ಟಿದ್ದೆ. 1962ರ ಆಗಸ್ಟಿನಲ್ಲಿ ಸ್ವತಂತ್ರವಾದ ಜಮೈಕಾದ ಡೆರಿಕ್ ಮಾರ್ಗನ್ ಹಾಡು ಮುಗಿದು 'ಟೆಲ್‌ಸ್ಟಾರ್' ಶುರುವಾಯಿತು. ಮೊರೆತ ಕೇಳಿ ಅಳಿಯ ಸ್ಪೀಕರ್ ಕೆಟ್ಟಿತೆಂದು ಆಂಪ್ಲಿಫೈಯರಿನ ಕಡೆ ಓಡಿದರು. ತಾತ ಕುರ್ಚಿಯಲ್ಲೇ ಕೈ ಎತ್ತಿ "ಮುಟ್ಟಬೇಡಪ್ಪಾ, ಈಗ ಮೇಲಕ್ಕೆ ಹೋಗತ್ತೆ" ಎಂದರು.