ಜುನಿಪರ್ ಬೋನ್ಸಾಯ್: ಕುಂಡದ ತಳದಲ್ಲಿ ನಿಂತ ನೀರು

ಸ್ಪಂಜೊಂದನ್ನು ನೀರಲ್ಲಿ ಅದ್ದಿ, ಅಡ್ಡಡ್ಡವಾಗಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಅದನ್ನೇ ಉದ್ದುದ್ದ ನಿಲ್ಲಿಸಿದರೆ ಮತ್ತೆ ನೀರು ಇಳಿಯುತ್ತದೆ. ನೀವು ಹಿಂಡಿಲ್ಲ, ಎತ್ತರ ಹೆಚ್ಚಿತು ಅಷ್ಟೇ.

ಕುಂಡದ ಮಣ್ಣಿನದೂ ಇದೇ ಕಥೆ. ಕಣಗಳ ಸಂದಿನಲ್ಲಿ ಸಿಕ್ಕಿದ ನೀರು ತಳದಲ್ಲಿ ಒಂದು ಪದರವಾಗಿ ಉಳಿದುಬಿಡುತ್ತದೆ, ರಂಧ್ರವಿದ್ದರೂ ಇಳಿಯುವುದಿಲ್ಲ. ಆ ಪದರದ ಎತ್ತರವನ್ನು ನಿರ್ಧರಿಸುವುದು ಕಣದ ಗಾತ್ರ, ಕುಂಡದ ಆಳವಲ್ಲ. ಕಣ ಸಣ್ಣದಾದಷ್ಟೂ ಪದರ ಎತ್ತರ. ಸಣ್ಣ ಕಣದ ಮಣ್ಣಿನಲ್ಲಿ ಅದು 4 ಸೆಂ.ಮೀ. ಎಂದುಕೊಳ್ಳಿ. 20 ಸೆಂ.ಮೀ. ಕುಂಡದಲ್ಲಿ ಬೇರಿಗೆ ಇನ್ನೂ 16 ಸೆಂ.ಮೀ. ಜಾಗವಿದೆ, 5 ಸೆಂ.ಮೀ. ಬೋನ್ಸಾಯ್ ತಟ್ಟೆಯಲ್ಲಿ ಒಂದೇ ಸೆಂ.ಮೀ. ತಳಕ್ಕೆ ಜಲ್ಲಿ ಹಾಸಿದರೆ ಒದ್ದೆ ಪದರ ಇನ್ನಷ್ಟು ಮೇಲೇರುತ್ತದೆ. ಆದರೂ ಜಲ್ಲಿ ಹಾಸುವ ಸಲಹೆ ಮಾತ್ರ ಸಾಯುತ್ತಿಲ್ಲ.

ಗಾಳಿಗಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಉಸಿರುಗಟ್ಟಿದ ಬೇರಿಗೆ ಪಿಥಿಯಂ, ಫೈಟಾಫ್ತೊರಾದಂಥ ಕೊಳೆರೋಗಾಣುಗಳು ಸುಲಭವಾಗಿ ತಗಲುತ್ತವೆ. ಜುನಿಪರ್ ಎಂಬ ಈ ನಿತ್ಯಹಸಿರು ಮರದ ಮೋಸ ಇರುವುದು ಎಲೆಯಲ್ಲಿ: ಬೇರು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಕಂದು ಬಣ್ಣ ಕಂಡು ಬಾಯಾರಿಕೆ ಎಂದು ಇನ್ನಷ್ಟು ನೀರು ಸುರಿದರೆ ಮುಗಿಯಿತು. ಹಾಗೆಂದು ನೀರನ್ನು ಗುಟುಕು ಗುಟುಕಾಗಿ ಹಾಕುವುದೂ ಮದ್ದಲ್ಲ. ಮೇಲ್ಭಾಗ ಒಣಗಿ, ತಳ ಒದ್ದೆಯಾಗಿಯೇ ಉಳಿಯುತ್ತದೆ. ಬದಲಾಗಬೇಕಾದ್ದು ಮಣ್ಣು.

ಚಳಿಗಾಲ ಮುಗಿದು ಚಿಗುರು ಹೊರಡುವ ಮುನ್ನ ಈ ಕೆಲಸ ಮಾಡಿ. ಪ್ಯೂಮಿಸ್ (ಹಗುರವಾದ, ತೂತುತೂತಾದ ಜ್ವಾಲಾಮುಖಿ ಕಲ್ಲು), ಲಾವಾ ಕಲ್ಲು, ಅಕಡಾಮಾ (ಜಪಾನಿನ ಹರಳು ಜೇಡಿಮಣ್ಣು) ಸಮಪಾಲು ಸಾಕು. 2ರಿಂದ 6 ಮಿ.ಮೀ. ಕಣಗಳನ್ನಷ್ಟೇ ಇಟ್ಟುಕೊಂಡು ಪುಡಿಯನ್ನು ಜರಡಿ ಹಿಡಿದು ಎಸೆಯಿರಿ. ಪುಡಿ ಉಳಿದರೆ ಮತ್ತೆ ಅದೇ ಕೆಸರು. ಮೇಲೆ ಅಂಟಿಸಿದ ಕಲ್ಲುಗಳಿದ್ದರೆ ಮೊದಲು ಕಿತ್ತುಹಾಕಿ. ಬೇರುಮುದ್ದೆಯ ಒಂದು ಅರ್ಧದ ಹಳೆ ಮಣ್ಣನ್ನು ಮಾತ್ರ ಕಡ್ಡಿಯಿಂದ ಕೆದಕಿ ತೆಗೆಯಿರಿ. ಇನ್ನರ್ಧ ಒಂದೆರಡು ವರ್ಷದ ನಂತರ. ಒಂದೇ ಸಲ ಬೇರೆಲ್ಲ ಬೆತ್ತಲಾಗಿಸಿದರೆ ಜುನಿಪರ್ ತಡೆಯುವುದು ಕಷ್ಟ. ಕಪ್ಪಾಗಿ ಮೆತ್ತಗಾದ ಬೇರನ್ನು ಕತ್ತರಿಸಿ. ಬೇರಿಗಂಟಿದ ಬಿಳಿ ಎಳೆಗಳು ಸಾಮಾನ್ಯವಾಗಿ ಉಪಕಾರಿ ಶಿಲೀಂಧ್ರ, ಬಿಡಿ. ಮರವನ್ನು ತಂತಿಯಿಂದ ಕುಂಡಕ್ಕೆ ಬಿಗಿಯಿರಿ. ಅಲ್ಲಾಡಿದರೆ ಹೊಸ ಬೇರು ತುಂಡಾಗುತ್ತದೆ. ಸಂದುಗಳಿಗೆ ಮಿಶ್ರಣವನ್ನು ಕಡ್ಡಿಯಿಂದ ಇಳಿಸಿ, ತಳದಿಂದ ತಿಳಿನೀರು ಬರುವ ತನಕ ಹಾಯಿಸಿ. ಕೊಂಬೆ ಕತ್ತರಿಸುವ ಆಸೆ ಬೇಡ: ಬೇರು ಕಟ್ಟಲು ಬೇಕಾದ ಶಕ್ತಿ ಎಲೆಯಲ್ಲಿದೆ. ಒಂದು ತಿಂಗಳು ಗೊಬ್ಬರವೂ ಬೇಡ. ಆದರೆ ಗಿಡ ಹೊರಗೇ ಇರಬೇಕು.

ಕಾಲ ಮೀರಿ ಹೋಗಿದ್ದರೆ? ನೀರು ಹಾಕಿದ ಮೇಲೆ ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿ. ಸ್ಪಂಜಿನ ಉಪಾಯವೇ ಇದು. ಋತು ಬರುವ ತನಕ ಬೇರಿಗೆ ಉಸಿರು.

ಮಣ್ಣು ಬದಲಿಸಿದ ಮೇಲೆ ಅರ್ಧರ್ಧ ಮಣ್ಣಿನ ಕುಂಡ ಒಂದೇ ವೇಗದಲ್ಲಿ ಒಣಗುವುದಿಲ್ಲ. ಎರಡೂ ಬದಿಗೆ 2 ಸೆಂ.ಮೀ. ಆಳಕ್ಕೆ ಕಡ್ಡಿ ಚುಚ್ಚಿ ನೋಡಿ. ಹೊಸ ಬದಿ ಬೇಗ ಆರಿದರೆ ಅಲ್ಲಿಗೆ ಮಾತ್ರ ನೀರು ಕೊಡಿ, ಹಳೆಯದು ಕಾಯಲಿ.