ದೊರೆಯ ತೊಡೆಯ ಮಚ್ಚೆ, ಹುಡುಗಿಯ ಕೆನ್ನೆಯ ಮಚ್ಚೆ

ಕ್ರಿಸ್ತಪೂರ್ವ 3ನೇ ಶತಮಾನದ ಕೊನೆಯ ದಿನಗಳು. ಚೀನಾದ ಪೆಯ್ ಎಂಬ ಊರಿನಲ್ಲಿ ಔತಣ ನಡೆದಿತ್ತು. ಹೊಸದಾಗಿ ಬಂದು ನೆಲೆಸಿದ್ದ ಲೂ ಎಂಬ ಹಿರಿಯನನ್ನು ಕಾಣಲು ಊರಿನ ದೊಡ್ಡವರೆಲ್ಲ ಸೇರಿದ್ದರು. ಸಾವಿರ ನಾಣ್ಯಕ್ಕಿಂತ ಕಡಿಮೆ ಮುಯ್ಯಿ ತಂದವರಿಗೆ ಜಗಲಿಯ ಮೇಲೆ ಜಾಗವಿಲ್ಲ, ಕೆಳಗೇ ಕೂರಬೇಕು. ಅಷ್ಟರಲ್ಲಿ ಲಿಯು ಬಾಂಗ್ ಎಂಬ ಸಣ್ಣ ಅಧಿಕಾರಿಯೊಬ್ಬ ಬಂದ. ‘ಹತ್ತು ಸಾವಿರ ಮುಯ್ಯಿ’ ಎಂದು ಚೀಟಿ ಬರೆದುಕೊಟ್ಟ. ಕೈಯಲ್ಲಿ ಒಂದು ಕಾಸೂ ಇರಲಿಲ್ಲ.

ಲೂ ಎದ್ದು ಬಾಗಿಲಿಗೇ ಬಂದು ಅವನನ್ನು ಎದುರುಗೊಂಡ. ಚಿಕ್ಕಂದಿನಿಂದ ಮುಖ ನೋಡಿ ಭವಿಷ್ಯ ಹೇಳುವುದು ಲೂಗೆ ಇಷ್ಟ. ಇಂಥ ಮುಖವನ್ನು ತಾನು ಈವರೆಗೆ ಕಂಡೇ ಇಲ್ಲ ಎಂದು ತನ್ನ ಮಗಳನ್ನೇ ಕೊಡುವುದಾಗಿ ಹೇಳಿದ. ಒಳ್ಳೆಯ ಸಂಬಂಧ ಬರಲಿ ಎಂದು ಕಾದಿದ್ದ ಹೆಂಡತಿಗೆ ತುಂಬಾ ಸಿಟ್ಟು ಬಂತು. ಆದರೂ ಮದುವೆ ನಡೆಯಿತು. ಕ್ರಿಸ್ತಪೂರ್ವ 202ರಲ್ಲಿ ಆ ಅಳಿಯ ಹಾನ್ ಸಾಮ್ರಾಜ್ಯದ ಮೊದಲ ಚಕ್ರವರ್ತಿಯಾದ.

ಈ ಕತೆ ಬರೆದಿಟ್ಟವನು ಇತಿಹಾಸಕಾರ ಸಿಮಾ ಚಿಯೆನ್. ಅವನು ಲಿಯು ಬಾಂಗನ ರೂಪವನ್ನೂ ಹೇಳುತ್ತಾನೆ. ಎತ್ತರದ ಮೂಗು, ಡ್ರ್ಯಾಗನ್‌ನಂಥ ಮುಖ, ಚೆಂದದ ಗಡ್ಡ. ಜೊತೆಗೆ ಎಡತೊಡೆಯ ಮೇಲೆ 72 ಕಪ್ಪು ಮಚ್ಚೆಗಳು. ಚೀನಾದಲ್ಲಿ ಮಚ್ಚೆಗೆ ಅರ್ಥ ಹೇಳಲು ಹೊರಟವರೆಲ್ಲ ಮುಂದೆ ಈ ಸಾಲನ್ನೇ ಹಿಡಿದುಕೊಂಡರು.

72 ಯಾಕೆ? ಸುಮ್ನೆ ಎಣಿಸಿ ಹೇಳಿದ ಸಂಖ್ಯೆಯಂತೂ ಅಲ್ಲ. 8ನೇ ಶತಮಾನದ ವ್ಯಾಖ್ಯಾನಕಾರ ಝಾಂಗ್ ಶೌಜಿಯೆ ಇದರ ಲೆಕ್ಕ ಬಿಡಿಸಿಟ್ಟಿದ್ದಾನೆ. ವರ್ಷಕ್ಕೆ 360 ದಿನ ಅಂದುಕೊಳ್ಳಿ. ಅದನ್ನು ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ವಗಳಿಗೆ ಹಂಚಿದರೆ ಒಂದೊಂದಕ್ಕೆ 72 ದಿನ. ಹಾನ್ ವಂಶ ತನ್ನನ್ನು ಬೆಂಕಿಯ ತತ್ವಕ್ಕೆ, ಅದರ ದೇವರಾದ ‘ಕೆಂಪು ದೊರೆ’ಗೆ ಸೇರಿಸಿಕೊಂಡಿತ್ತು. ಎಡಗಡೆ ಎಂದರೆ ಯಾಂಗ್, ಅಂದರೆ ಗಂಡು ಶಕ್ತಿಯ ಕಡೆ. ಹಾಗಾಗಿ ಎಡತೊಡೆ, ಹಾಗಾಗಿ 72. ಇನ್ನೊಂದು ಮಾತು ಗಮನಿಸಿ. ಸಿಮಾ ಚಿಯೆನ್ ಬರೆದದ್ದು ಲಿಯು ಬಾಂಗ್ ಸತ್ತು ಸುಮಾರು ನೂರು ವರ್ಷದ ನಂತರ, ಅದೇ ವಂಶದ ಆಳ್ವಿಕೆಯಲ್ಲಿ. ದೊರೆಯಾದ ಮೇಲೆ ಮಚ್ಚೆಗೆ ಅರ್ಥ ಸಿಕ್ಕಿತು. ಮಚ್ಚೆ ನೋಡಿ ಯಾರೂ ಅವನನ್ನು ದೊರೆ ಮಾಡಲಿಲ್ಲ. ಮಾವ ಲೂ ನೋಡಿದ್ದೂ ಮುಖವನ್ನೇ, ತೊಡೆಯನ್ನಲ್ಲ.

ಮುಖ ಓದುವ ಅಭ್ಯಾಸ ಇದಕ್ಕಿಂತ ಹಳೆಯದು. ಕ್ರಿಸ್ತಪೂರ್ವ 626ರಲ್ಲಿ ಝೌ ವಂಶದ ದೊರೆಯ ಕಡೆಯಿಂದ ಲೂ ಎಂಬ ರಾಜ್ಯಕ್ಕೆ (ಮಾವ ಲೂಗೂ ಇದಕ್ಕೂ ನಂಟಿಲ್ಲ) ಬಂದ ಶುಫು ಎಂಬ ಅಧಿಕಾರಿಗೆ ಅಲ್ಲಿನ ಶ್ರೀಮಂತನೊಬ್ಬ ತನ್ನ ಇಬ್ಬರು ಗಂಡುಮಕ್ಕಳನ್ನು ತೋರಿಸಿದ ಪ್ರಸಂಗ ಹಳೆಯ ವೃತ್ತಾಂತಗಳಲ್ಲಿದೆ. ಒಬ್ಬನ ದವಡೆ ತುಂಬಿಕೊಂಡಿದೆ, ಅವನ ಸಂತತಿ ಈ ರಾಜ್ಯದಲ್ಲಿ ಉಳಿದು ಮುಂದುವರಿಯುತ್ತದೆ ಎಂದು ಶುಫು ಹೇಳಿದನಂತೆ. ಆಗೆಲ್ಲ ನೋಡುತ್ತಿದ್ದದ್ದು ಮೂಳೆ, ದವಡೆ, ಕಣ್ಣು, ದನಿ. ಮಚ್ಚೆಯ ಮಾತು ಹೆಚ್ಚಿರಲಿಲ್ಲ.

ಇದನ್ನು ಒಪ್ಪದವರೂ ಮೊದಲಿನಿಂದಲೇ ಇದ್ದರು. ಕ್ರಿಸ್ತಪೂರ್ವ 3ನೇ ಶತಮಾನದ ಚಿಂತಕ ಶುನ್‌ಝಿ ಮುಖ ಓದುವುದರ ವಿರುದ್ಧ ಇಡೀ ಒಂದು ಅಧ್ಯಾಯ ಬರೆದ. ಕನ್ಫ್ಯೂಷಿಯಸ್‌ನ ಮುಖ ದೆವ್ವ ಓಡಿಸುವವರ ಮುಖವಾಡದಂತಿತ್ತು, ಆದರೂ ಅವನು ಮಹಾತ್ಮ. ಜಿಯೆ ಮತ್ತು ಝೌ ಎಂಬ ದುಷ್ಟ ದೊರೆಗಳು ಎತ್ತರವಾಗಿ ಚೆಲುವಾಗಿದ್ದರು, ಆದರೂ ನಾಡು ಹಾಳುಮಾಡಿದರು. ರೂಪ ನೋಡುವುದಕ್ಕಿಂತ ಮನಸ್ಸು ನೋಡುವುದು ಮೇಲು, ಅದಕ್ಕಿಂತಲೂ ಅವರು ಹಿಡಿದ ದಾರಿ ನೋಡುವುದು ಮೇಲು ಎಂಬುದು ಅವನ ವಾದ. ಎರಡು ಸಾವಿರ ವರ್ಷ ಕಳೆದರೂ ಈ ಮಾತು ನನಗೆ ಹೊಚ್ಚಹೊಸದಾಗಿ ಕೇಳಿಸುತ್ತದೆ.

ಆದರೆ ಗೆದ್ದದ್ದು ಅವನ ವಾದವಲ್ಲ. ಕ್ರಿಸ್ತಶಕ 1ನೇ ಶತಮಾನದ ವಾಂಗ್ ಚೊಂಗ್ ಎಂಬವನು ದೆವ್ವ, ಶಕುನ ಎಲ್ಲವನ್ನೂ ಪ್ರಶ್ನಿಸಿದ ಗಟ್ಟಿ ಮನುಷ್ಯ. ಅವನೂ ಮೈಯ ಲಕ್ಷಣವನ್ನು ನಂಬಿದ. ಕೊಳಗ ನೋಡಿದರೆ ಎಷ್ಟು ಕಾಳು ಹಿಡಿಯುತ್ತದೆ ಎಂದು ತಿಳಿಯುವ ಹಾಗೆ, ಮೈ ನೋಡಿದರೆ ಹಣೆಬರಹ ತಿಳಿಯುತ್ತದೆ ಎಂದ. ಶೂ ಫೂ ಎಂಬ ಹೆಂಗಸಿನ ಹೆಸರು ಇನ್ನೂ ದೊಡ್ಡದು. ಹಾನ್ ಕಾಲದ ಸೇನಾಪತಿ ಝೌ ಯಾಫುಗೆ, ನೀನು ದೊಡ್ಡ ಪದವಿಗೆ ಏರಿ ಕೊನೆಗೆ ಹಸಿದು ಸಾಯುತ್ತೀಯ ಎಂದು ಆಕೆ ಹೇಳಿದಳಂತೆ. ಅವನ ಬಾಯಿಯೊಳಗೆ ಇಳಿಯುತ್ತಿದ್ದ ಗೆರೆಗಳೇ ಅದಕ್ಕೆ ಸಾಕ್ಷಿ. ಮುಂದೆ ಅವನು ಸೆರೆಯಲ್ಲಿ ಐದು ದಿನ ಅನ್ನ ಬಿಟ್ಟು ಸತ್ತ. ಆಮೇಲೆ ಎಷ್ಟೋ ಶತಮಾನಗಳ ಕಾಲ ಮುಖ ಓದುವ ಪುಸ್ತಕಗಳಿಗೆ ಶೂ ಫೂಳ ಹೆಸರನ್ನೇ ಅಂಟಿಸುತ್ತಿದ್ದರು. ವಾಯವ್ಯ ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ 1900ರಲ್ಲಿ ಸಿಕ್ಕ ಸಾವಿರಾರು ಹಸ್ತಪ್ರತಿಗಳ ನಡುವೆ ಅಂಥವೂ ಇವೆ, ಮಚ್ಚೆಗಳ ಜಾಗ ಗುರುತಿಸಿದ ಚಿತ್ರಗಳೂ ಇವೆ. ಆ ಗುಹೆ ಮುಚ್ಚಿದ್ದು 11ನೇ ಶತಮಾನದ ಆರಂಭದಲ್ಲಿ. ಅಂದರೆ ಸಾವಿರ ವರ್ಷದ ಹಿಂದೆಯೇ ಮಚ್ಚೆಯ ನಕ್ಷೆ ಕೈಯಿಂದ ಕೈಗೆ ಓಡಾಡುತ್ತಿತ್ತು.

ಮುಂದೆ ಮಿಂಗ್ ವಂಶದ ಕಾಲದಲ್ಲಿ (1368–1644) ಇದೆಲ್ಲ ಒಂದು ದೊಡ್ಡ ಸಂಗ್ರಹವಾಗಿ ಅಚ್ಚಾಯಿತು. ಹೆಸರು ‘ಶೆನ್‌ಶಿಯಾಂಗ್ ಚುವಾನ್‌ಬಿಯೆನ್’. ಇದನ್ನು ಸಿದ್ಧಪಡಿಸಿದವರು ಎಂದು ಪುಸ್ತಕದಲ್ಲಿ ಹೆಸರಿರುವವರಲ್ಲಿ ಒಬ್ಬ ಯುವಾನ್ ಝೋಂಗ್‌ಚೆ. ಇವನ ಅಪ್ಪ ಯುವಾನ್ ಗೊಂಗ್, ರಾಜಕುಮಾರ ಝು ದಿಯ ಮುಖ ನೋಡಿ ಚಕ್ರವರ್ತಿಯಾಗುತ್ತೀಯ ಎಂದು ಹೇಳಿದ್ದವನು. ಝು ದಿ 1402ರಲ್ಲಿ ಸೋದರನ ಮಗನಿಂದ ಪಟ್ಟ ಕಿತ್ತುಕೊಂಡ.

ಈ ಪುಸ್ತಕದ ಮಚ್ಚೆಯ ಭಾಗ ಒಂದು ಹೋಲಿಕೆಯಿಂದ ಶುರುವಾಗುತ್ತದೆ. ಮೈಗೆ ಮಚ್ಚೆ ಎಂದರೆ ಬೆಟ್ಟಕ್ಕೆ ಮರ, ನೆಲಕ್ಕೆ ದಿಬ್ಬ ಇದ್ದ ಹಾಗೆ. ಬೆಟ್ಟದ ಮಣ್ಣು ಒಳ್ಳೆಯದಾದರೆ ಒಳ್ಳೆಯ ಮರ ಬೆಳೆದು ಅದರ ಸೊಬಗು ತೋರಿಸುತ್ತದೆ. ಕೊಳಕು ಸೇರಿದ ನೆಲದಲ್ಲಿ ಕೆಟ್ಟ ದಿಬ್ಬ ಏಳುತ್ತದೆ. ಅರಗಿನ ಎಣ್ಣೆಯಷ್ಟು ಕಪ್ಪಗೆ ಹೊಳೆಯುವ ಮಚ್ಚೆ, ಇಂಗಲೀಕದಷ್ಟು ಕೆಂಪಗಿರುವ ಮಚ್ಚೆ ಒಳ್ಳೆಯದು. ಮಂಕಾಗಿದ್ದರೆ ಕೆಟ್ಟದ್ದು. ಕಾಣುವ ಜಾಗದಲ್ಲಿದ್ದರೆ ಹೆಚ್ಚಾಗಿ ಕೆಡುಕು, ಮರೆಯಲ್ಲಿದ್ದರೆ ಹೆಚ್ಚಾಗಿ ಒಳಿತು. ಇದಕ್ಕೆ ಲಿಯು ಬಾಂಗನ ತೊಡೆಯೇ ಉದಾಹರಣೆ. ಜನರ ಬಾಯಲ್ಲಿ ಇದು ಇನ್ನೂ ಚಿಕ್ಕದಾಯಿತು: ತಲೆಯಲ್ಲಿ ಕೆಟ್ಟ ಮೂಳೆ ಇಲ್ಲ, ಮುಖದಲ್ಲಿ ಒಳ್ಳೆ ಮಚ್ಚೆ ಇಲ್ಲ.

ಮುಖದ ಮಚ್ಚೆಗೆ ಅರ್ಥ ಹುಟ್ಟುವುದು ಹೇಗೆ ಎಂಬುದು ನನಗೆ ತುಂಬಾ ಕುತೂಹಲದ ವಿಷಯ. ಮಚ್ಚೆಗೆ ಸ್ವಂತದ್ದು ಏನೂ ಇಲ್ಲ. ಅದು ಬಿದ್ದ ಜಾಗದ ಹೆಸರೇ ಅದರ ಅರ್ಥ. ಚೀನೀ ಪದ್ಧತಿಯಲ್ಲಿ ಮುಖವೇ ಒಂದು ನಾಡು. ಹಣೆ, ಗದ್ದ, ಮೂಗು, ಎರಡು ಕೆನ್ನೆ ಸೇರಿ ಐದು ಪವಿತ್ರ ಬೆಟ್ಟಗಳು. ಕಿವಿ, ಕಣ್ಣು, ಬಾಯಿ, ಮೂಗಿನ ಹೊಳ್ಳೆ ನಾಲ್ಕು ನದಿಗಳು. ಅದರ ಮೇಲೆ ಹನ್ನೆರಡು ‘ಅರಮನೆ’ಗಳನ್ನು ಹಂಚಿದ್ದಾರೆ. ಮೂಗು ಹಣದ ಅರಮನೆ, ಹಾಗಾಗಿ ಮೂಗಿನ ಮೇಲೆ ಮಚ್ಚೆ ಇದ್ದರೆ ಹಣ ಸೋರುತ್ತದೆ. ಕಣ್ಣಿನ ಹೊರಮೂಲೆ ದಾಂಪತ್ಯದ ಅರಮನೆ, ಅಲ್ಲಿ ಮಚ್ಚೆ ಇದ್ದರೆ ಸಂಸಾರದಲ್ಲಿ ತೊಂದರೆ. ಕಣ್ಣಿನ ಕೆಳಗೆ ಮಕ್ಕಳ ಅರಮನೆ, ಅದೇ ಕಣ್ಣೀರು ಹರಿಯುವ ದಾರಿಯೂ ಹೌದು. ಅಲ್ಲಿನ ಮಚ್ಚೆಯನ್ನು ‘ಕಣ್ಣೀರ ಮಚ್ಚೆ’ ಅನ್ನುತ್ತಾರೆ. ಅದಿರುವವರು ಬದುಕಿಡೀ ಅಳುತ್ತಾರೆ, ಮಕ್ಕಳಿಗಾಗಿ ನೋಯುತ್ತಾರೆ ಎಂಬ ನಂಬಿಕೆ. ಒಳ್ಳೆಯ ಹೆಸರು ಪಡೆದವೂ ಇವೆ. ಹುಬ್ಬಿನ ಕೂದಲೊಳಗೆ ಅಡಗಿದ ಮಚ್ಚೆ ‘ಹುಬ್ಬಿನಲ್ಲಿ ಬಚ್ಚಿಟ್ಟ ಮುತ್ತು’. ಕಿವಿಯ ಅಂಚಿನ ಮಚ್ಚೆಗೆ ಬುದ್ಧಿ, ಕಿವಿಯೊಳಗಿನದಕ್ಕೆ ಆಯಸ್ಸು, ಕಿವಿಯ ಹಾಲೆಯದಕ್ಕೆ ಸಂಪತ್ತು. ಮರೆಯಲ್ಲಿದ್ದರೆ ಒಳ್ಳೆಯದು ಎಂಬ ಅದೇ ನಿಯಮ ಇಲ್ಲೂ ಕೆಲಸ ಮಾಡಿದೆ ನೋಡಿ.

ಹುಬ್ಬುಗಳ ನಡುವಿನ ಮಚ್ಚೆಗೆ ಸಿಕ್ಕ ಗೌರವದಲ್ಲಿ ನಮ್ಮ ದೇಶದ ಪಾಲೂ ಇರಬೇಕು ಅನ್ನಿಸುತ್ತದೆ. ಬುದ್ಧನ 32 ಮಹಾಲಕ್ಷಣಗಳಲ್ಲಿ ಒಂದು ಹುಬ್ಬಿನ ನಡುವಿನ ಬಿಳಿ ಕೂದಲ ಸುಳಿ, ಊರ್ಣ. ಬೌದ್ಧಧರ್ಮದ ಜೊತೆ ಅದು ಚೀನಾಕ್ಕೆ ಹೋಯಿತು. ಅಲ್ಲಿನ ಶಿಲ್ಪಗಳಲ್ಲೂ ಚಿತ್ರಗಳಲ್ಲೂ ಒಂದು ದುಂಡು ಬೊಟ್ಟಾಗಿ ಕಾಣಿಸಿಕೊಂಡಿತು.

ಈಗ ನನ್ನನ್ನು ನಿಜಕ್ಕೂ ಕಾಡುವ ಭಾಗಕ್ಕೆ ಬರುತ್ತೇನೆ. ಆ ಮಿಂಗ್ ಸಂಗ್ರಹದಲ್ಲಿ ಮಚ್ಚೆಯ ಚಿತ್ರಗಳು ಎರಡು. ಒಂದು ಗಂಡಸಿನ ಮುಖ, ಇನ್ನೊಂದು ಹೆಂಗಸಿನ ಮುಖ. ಹೆಂಗಸಿನ ಮುಖದ ತುಂಬ ಚುಕ್ಕೆ, ಪ್ರತಿ ಚುಕ್ಕೆಯ ಪಕ್ಕ ಒಂದೆರಡು ಅಕ್ಷರ. ‘ಗಂಡನಿಗೆ ಕೆಡುಕು’ ಎಂದು ಒಂದು ಕಡೆ. ‘ನೀರಿನ ಕಂಟಕ’ ಎಂದು ಇನ್ನೊಂದು ಕಡೆ. ‘ಹೆರಿಗೆಯ ಕಂಟಕ’ ಎಂದು ಮತ್ತೊಂದು. ಹುಡುಗಿಯ ಮುಖದ ಒಂದು ಚುಕ್ಕೆ ಅವಳ ಬಗ್ಗೆ ಹೇಳುವುದಕ್ಕಿಂತ ಅವಳನ್ನು ಮದುವೆಯಾಗುವವನ ಬಗ್ಗೆ ಜಾಸ್ತಿ ಹೇಳುತ್ತಿತ್ತು. ಇದನ್ನು ಹಿಡಿದು ಹೆಣ್ಣು ನೋಡಲು ಹೋದರೆ ಏನಾಗುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ನಮ್ಮ ಸಾಮುದ್ರಿಕವೂ ಇದೇ ದಾರಿಯದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮದುವೆಗೆ ತಕ್ಕ ಹೆಣ್ಣಿನ ಲಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ.

ಲಿಯು ಬಾಂಗನ ಮಚ್ಚೆಗೆ ಅರ್ಥ ಬಂದದ್ದು ಅವನು ಗೆದ್ದ ಮೇಲೆ. ಹುಡುಗಿಯ ಮಚ್ಚೆಗೆ ಅರ್ಥ ಬಂದದ್ದು ಅವಳು ಬದುಕು ಶುರುಮಾಡುವ ಮೊದಲೇ. ಗಂಡ ಕಾಯಿಲೆ ಬಿದ್ದರೆ, ಕೂಸು ಉಳಿಯದಿದ್ದರೆ, ಉತ್ತರ ಅವಳ ಕೆನ್ನೆಯ ಮೇಲೆ ಸಿದ್ಧವಾಗಿರುತ್ತಿತ್ತು.

ಅದೇ ಚೀನಾದಲ್ಲಿ ಬೇರೊಂದು ಕತೆಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. 3ನೇ ಶತಮಾನದ ವೂ ರಾಜ್ಯದ ರಾಜಕುಮಾರ ಸುನ್ ಹೆ. ಒಮ್ಮೆ ಕೈಯಲ್ಲಿದ್ದ ಕೋಲು ತಗುಲಿ ಅವನ ಪ್ರೀತಿಯ ಮಡದಿ ದೆಂಗ್‌ಳ ಕೆನ್ನೆಗೆ ಗಾಯವಾಯಿತು. ವೈದ್ಯರು ನೀರುನಾಯಿಯ ಮಜ್ಜೆಗೆ ಹಸಿರುಕಲ್ಲಿನ ಪುಡಿ, ಅಂಬರಿನ (ಕಲ್ಲಿನಂತೆ ಗಟ್ಟಿಯಾದ ಮರದ ಅಂಟು) ಪುಡಿ ಬೆರೆಸಿ ಮುಲಾಮು ಮಾಡಿದರು. ಅಂಬರು ಹೆಚ್ಚಾಗಿ, ಗಾಯ ವಾಸಿಯಾದ ಮೇಲೂ ಎಡಗೆನ್ನೆಯಲ್ಲಿ ಮಚ್ಚೆಯಂಥ ಕೆಂಪು ಚುಕ್ಕೆ ಉಳಿಯಿತು. ಅದರಿಂದ ಅವಳು ಇನ್ನೂ ಚೆಲುವೆಯಾಗಿ ಕಂಡಳು. ಅರಮನೆಯ ಉಳಿದ ಹೆಂಗಸರು ಕೆನ್ನೆಗೆ ಕೆಂಪು ಬೊಟ್ಟು ಇಟ್ಟುಕೊಳ್ಳಲು ಶುರುಮಾಡಿದರಂತೆ. ತಾಂಗ್ ವಂಶದ ಕಾಲದ (618–907) ಚಿತ್ರಗಳಲ್ಲಿ ಕೆನ್ನೆಗೆ ಚುಕ್ಕೆ ಇಟ್ಟ ಹೆಂಗಸರನ್ನು ಈಗಲೂ ನೋಡಬಹುದು. ನಾವು ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತೇವೆ. ಎಲ್ಲಿ ಚುಕ್ಕೆಯನ್ನು ಕೈಯಾರೆ ಇಡುತ್ತೇವೋ ಅಲ್ಲಿ ಅದರ ಭಯವಿಲ್ಲ.

ಮಚ್ಚೆ ಮತ್ತು ಹುಟ್ಟುಮಚ್ಚೆ ಒಂದೇ ಅಲ್ಲ, ಇದನ್ನೂ ಹೇಳಬೇಕು. ಚೀನೀ ಭಾಷೆಯಲ್ಲಿ ಮಚ್ಚೆ ‘ಝಿ’, ಹುಟ್ಟುಮಚ್ಚೆ ‘ತಾಯ್‌ಜಿ’. ಮುಖದ ಸಣ್ಣ ಚುಕ್ಕೆಗಳಲ್ಲಿ ಹೆಚ್ಚಿನವು ಹುಟ್ಟಿದಾಗ ಇರುವುದಿಲ್ಲ. ಬಾಲ್ಯದಲ್ಲಿ, ಹರೆಯದಲ್ಲಿ ಮೂಡುತ್ತವೆ. ಬಣ್ಣ ಕೊಡುವ ಜೀವಕೋಶಗಳು ಒಂದೆಡೆ ಗುಂಪಾದರೆ ಮಚ್ಚೆ, ಅಷ್ಟೇ. ದೊಡ್ಡ ಹುಟ್ಟುಮಚ್ಚೆಗಳ ಕಷ್ಟ ಬೇರೆ. ಕಣ್ಣಿನ ಸುತ್ತ, ಹಣೆ, ಕೆನ್ನೆಯ ಒಂದೇ ಬದಿಗೆ ಹರಡುವ ನೀಲಿ ಕಲೆಯೊಂದಿದೆ. ಜಪಾನಿನ ವೈದ್ಯ ಓಟಾ 1939ರಲ್ಲಿ ಅದನ್ನು ವಿವರಿಸಿದರು, ಅವರದೇ ಹೆಸರು ಅದಕ್ಕಿದೆ. ಪೂರ್ವ ಏಷ್ಯಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಅದು ಜಾಸ್ತಿ. ಮುಖ ಓದುವವರ ಬಣ್ಣದ ಪಟ್ಟಿಯಲ್ಲಿ ನೀಲಿಹಸಿರು ಎಂದರೆ ಚಿಂತೆ, ಕಪ್ಪು ಎಂದರೆ ಕಾಯಿಲೆ, ಸಾವು. ಆ ಪಟ್ಟಿ ಮಾಡಿದ್ದು ಬಂದು ಹೋಗುವ ಮುಖಕಳೆಗೆ. ಕಲೆಯನ್ನು ಹೊತ್ತೇ ಹುಟ್ಟಿದ ಮಗುವಿಗೆ ಅದನ್ನು ಅನ್ವಯಿಸಿದರೆ ಆಗುವ ಗಾಯವನ್ನು ಯಾವ ಮುಲಾಮೂ ವಾಸಿಮಾಡುವುದಿಲ್ಲ.

ಮಾವೋ ಕಾಲದಲ್ಲಿ ಮುಖ ಓದುವುದನ್ನು ಮೂಢನಂಬಿಕೆ ಎಂದು ಹತ್ತಿಕ್ಕಿದರು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದ ಮೇಲೆ ಇಂಥದ್ದೆಲ್ಲ ಬಹಿರಂಗವಾಗಿ ನಡೆಯುವಂತೆಯೇ ಇರಲಿಲ್ಲ. ಹಾಂಕಾಂಗ್, ತೈವಾನ್‌ಗಳಲ್ಲಿ ಅದು ಉಳಿಯಿತು. ಹಾಂಕಾಂಗಿನ ವಾಂಗ್ ತಾಯ್ ಸಿನ್ ಗುಡಿಯ ಪಕ್ಕದಲ್ಲಿ ಭವಿಷ್ಯ ಹೇಳುವವರ ಸಾಲು ಮಳಿಗೆಗಳೇ ಇವೆ. 1978ರ ನಂತರ ಚೀನಾದ ಒಳನಾಡಿಗೂ ಮೆಲ್ಲಗೆ ಮರಳಿತು. ಮಾವೋ ಗದ್ದದ ಮಚ್ಚೆಗೂ ಈಗ ದೊಡ್ಡ ಅರ್ಥ ಹೇಳುವವರಿದ್ದಾರೆ. ಲಿಯು ಬಾಂಗನಿಗೆ ಆದದ್ದೇ ಇಲ್ಲೂ ಆಯಿತು. ಮೊದಲು ಅಧಿಕಾರ, ಆಮೇಲೆ ಮಚ್ಚೆ.

ಇವತ್ತು ಈ ನಂಬಿಕೆ ಜಾಸ್ತಿ ಕಾಣಿಸುವುದು ಮಚ್ಚೆ ತೆಗೆಸುವ ಕಡೆ. ಕಣ್ಣೀರ ಮಚ್ಚೆ ಬೇಡ, ಹಣ ಸೋರುವ ಮಚ್ಚೆ ಬೇಡ ಎಂದು ಜನ ಬರುತ್ತಾರೆ. ಡಾಕ್ಟರ ಹತ್ತಿರ ಲೇಸರ್ ಇದೆ. ಬೀದಿಬದಿಯಲ್ಲಿ ಸುಡುವ ರಾಸಾಯನಿಕ ಹಚ್ಚುವವರೂ ಇದ್ದಾರೆ. ಮುಖ ನಿಮ್ಮದು, ಬೇಡವಾದದ್ದನ್ನು ತೆಗೆಸಿಕೊಳ್ಳಿ. ಆದರೆ ಸುಟ್ಟುಹೋದ ಮಚ್ಚೆಯನ್ನು ಆಮೇಲೆ ಪರೀಕ್ಷೆ ಮಾಡಲು ಆಗುವುದಿಲ್ಲ. ಅದು ಕ್ಯಾನ್ಸರ್ ಆಗಿದ್ದರೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ.

ಇಲ್ಲಿ ತಾಂಗ್ ಕಾಲದ ಒಂದು ಕತೆ ನೆನಪಾಗುತ್ತದೆ. 755ರಲ್ಲಿ ಸಾಮ್ರಾಜ್ಯವನ್ನೇ ಅಲುಗಿಸಿದ ಬಂಡಾಯಗಾರ ಆನ್ ಲುಶಾನ್, ಅದಕ್ಕೂ ಮೊದಲು ತನ್ನ ದಂಡನಾಯಕ ಝಾಂಗ್ ಶೌಗುಯಿಯ ಪಾದ ತೊಳೆಯುತ್ತಿದ್ದನಂತೆ. ಅಂಗಾಲಿನ ಕಪ್ಪು ಮಚ್ಚೆಯನ್ನು ಕದ್ದು ನೋಡಿದ. ಅದೇ ನನ್ನ ದೊಡ್ಡತನದ ಗುರುತು ಎಂದ ದಂಡನಾಯಕ. ನನಗೆ ಎರಡೂ ಪಾದದಲ್ಲಿದೆ, ನಿಮ್ಮದಕ್ಕಿಂತ ಕಪ್ಪು, ನಿಮ್ಮದಕ್ಕಿಂತ ದೊಡ್ಡದು ಎಂದ ಆನ್ ಲುಶಾನ್. ಅಂಗಾಲಿನ ಮಚ್ಚೆ ಮರೆಯಲ್ಲಿರುವುದರಿಂದ ಅದು ಅದೃಷ್ಟ ಎಂದು ಚೀನಾದಲ್ಲಿ ಈಗಲೂ ನಂಬುವವರಿದ್ದಾರೆ. ಆದರೆ ಮಚ್ಚೆಯ ಹಾಗೆ ಕಾಣಿಸಿಕೊಳ್ಳುವ ಮೆಲನೋಮಾ ಕ್ಯಾನ್ಸರ್ ಚೀನೀಯರಲ್ಲಿ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ. ನಮ್ಮಲ್ಲೂ ಅದು ಪಾದದಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ಅಂಗಾಲಿನ ಮಚ್ಚೆ ದೊಡ್ಡದಾಗುತ್ತಿದೆಯಾ, ಅಂಚು ಹರಿದಂತಿದೆಯಾ, ಬಣ್ಣ ಬದಲಾಗಿದೆಯಾ ಎಂದು ಸ್ನಾನ ಮಾಡುವಾಗ ಒಮ್ಮೆ ಕಾಲೆತ್ತಿ ನೋಡಿಕೊಳ್ಳಿ.